ಕಬ್ಬಿನ ದಾರಿಗೂ ರೇಸ್ ಟ್ರ್ಯಾಕಿಗೂ ಒಂದೇ ಬ್ರೇಕ್ ಸಾಲದು

ಬೈಲಹೊಂಗಲ: ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ರಸ್ತೆಗಳಲ್ಲಿ ರಾತ್ರಿ ವಾಹನ ಚಲಾಯಿಸುವವರಿಗೆ ಒಂದು ದೃಶ್ಯ ಚಿರಪರಿಚಿತ. ತಿರುವು ದಾಟುತ್ತಿದ್ದಂತೆ ಎದುರಿಗೆ ಕಪ್ಪು ಗುಡ್ಡದಂತಹ ಆಕೃತಿಯೊಂದು ಕಾಣುತ್ತದೆ. ಅದು ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡು ಆಮೆಗತಿಯಲ್ಲಿ ಸಾಗುತ್ತಿರುವ ಟ್ರ್ಯಾಕ್ಟರ್. ಎಷ್ಟೋ ಸಲ ಹಿಂದೆ ಕೆಂಪು ದೀಪವಿರುವುದಿಲ್ಲ. ರಿಫ್ಲೆಕ್ಟರ್ ಇದ್ದರೂ ಎರೆಮಣ್ಣಿನ ಧೂಳಿನಲ್ಲಿ ಮುಚ್ಚಿಹೋಗಿರುತ್ತದೆ. ಕಾರಿನ ಚಾಲಕನಿಗೆ ಆಗ ದೊರೆಯುವುದು ಒಂದೇ ಅವಕಾಶ. ಅರ್ಧ ಗಂಟೆಯಿಂದ ಮುಟ್ಟದೇ ತಣ್ಣಗಿರುವ ಬ್ರೇಕ್ ಮೊದಲ ತುಳಿತಕ್ಕೇ ಹಿಡಿಯಬೇಕು.

ಇಂಥ ರಸ್ತೆಯಲ್ಲಿ ದಿನನಿತ್ಯ ಓಡಿಸುವ ಕಾರನ್ನೇ ವರ್ಷಕ್ಕೊಂದೆರಡು ಬಾರಿ ರೇಸ್ ಟ್ರ್ಯಾಕಿಗೂ ಒಯ್ಯಬೇಕೆಂಬ ಹವ್ಯಾಸ ಕೆಲವರಿಗಿದೆ. ಅವರು ಮೊದಲು ಕೇಳುವ ಪ್ರಶ್ನೆ, ಯಾವ ಡಿಸ್ಕ್ ಹಾಕಿಸಬೇಕು, ಯಾವ ಪ್ಯಾಡ್ ಹಾಕಿಸಬೇಕು ಎಂಬುದು. ದುಬಾರಿಯಾದದ್ದು, ‘ರೇಸಿಂಗ್’ ಎಂದು ಬರೆದಿರುವುದು ಎಲ್ಲ ಕಡೆಯೂ ಉತ್ತಮವೇ ಇರಬೇಕೆಂಬ ನಂಬಿಕೆ ಸಹಜ. ಆದರೆ ಬ್ರೇಕಿನ ವಿಷಯದಲ್ಲಿ ಈ ನಂಬಿಕೆ ಅಪಾಯಕಾರಿ. ಟ್ರ್ಯಾಕಿನಲ್ಲಿ ಬೇಕಾದದ್ದು ಇಪ್ಪತ್ತನೆಯ ತುಳಿತಕ್ಕೂ ಸೋಲದ ಬ್ರೇಕ್. ಊರ ರಸ್ತೆಯಲ್ಲಿ ಬೇಕಾದದ್ದು ಮೊದಲ ತುಳಿತಕ್ಕೆ ಹಿಡಿಯುವ ಬ್ರೇಕ್. ಈ ಎರಡೂ ಗುಣಗಳು ಒಂದೇ ಪ್ಯಾಡಿನಲ್ಲಿ ಪೂರ್ಣವಾಗಿ ಸಿಗುವುದಿಲ್ಲ.

ಎಲ್ಲವೂ ಶಾಖದ ಲೆಕ್ಕ

ಬ್ರೇಕ್ ಎಂಬುದು ವಾಸ್ತವವಾಗಿ ವೇಗವನ್ನು ಶಾಖವನ್ನಾಗಿ ಪರಿವರ್ತಿಸುವ ಸಾಧನ. 1100 ಕಿಲೋ ತೂಗುವ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿರುವಾಗ ಅದರಲ್ಲಿರುವ ಚಲನಶಕ್ತಿ ಸುಮಾರು 424 ಕಿಲೋಜೌಲ್. 60 ಕಿ.ಮೀ. ವೇಗದಲ್ಲಿ ಅದು 153 ಮಾತ್ರ. ಅಂದರೆ ವೇಗ ಎರಡು ಪಟ್ಟು ಕೂಡ ಹೆಚ್ಚಿಲ್ಲ, ಶಾಖ ಮಾತ್ರ ಎರಡೂಮುಕ್ಕಾಲು ಪಟ್ಟು. ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲನ್ನು ಮುಂದಿನ ಚಕ್ರಗಳೇ ಹೊರುತ್ತವೆ. ಮುಂದಿನ ಒಂದೊಂದು ಡಿಸ್ಕ್ ಐದು ಕಿಲೋ ಇದ್ದರೆ, 100ರಿಂದ ಒಮ್ಮೆ ಪೂರ್ತಿ ನಿಲ್ಲಿಸಿದಾಗ ಅದರ ಉಷ್ಣತೆ ಸರಿಸುಮಾರು 60 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಹೆದ್ದಾರಿಯಲ್ಲಿ ಮುಂದಿನ ಬ್ರೇಕಿಗೆ ಮೊದಲು ಆರಲು ಸಮಯ ಸಿಗುತ್ತದೆ. ಟ್ರ್ಯಾಕಿನಲ್ಲಿ ಸಿಗುವುದಿಲ್ಲ, ತಿರುವಿನಿಂದ ತಿರುವಿಗೆ ಶಾಖ ಪೇರುತ್ತಾ ಹೋಗುತ್ತದೆ.

ನಮ್ಮ ಭಾಗದಲ್ಲಿ ಟ್ರ್ಯಾಕಿನಂತೆ ಬ್ರೇಕ್ ಕಾಯಿಸುವ ಜಾಗ ಇಲ್ಲವೆಂದಲ್ಲ. ಇದೇ 1100 ಕಿಲೋ ಕಾರು 100 ಮೀಟರ್ ಎತ್ತರದಿಂದ ಇಳಿದರೆ ಬಿಡುಗಡೆಯಾಗುವ ಶಕ್ತಿ 100 ಕಿ.ಮೀ. ವೇಗದಿಂದ ಎರಡೂವರೆ ಬಾರಿ ನಿಲ್ಲಿಸಿದ್ದಕ್ಕೆ ಸಮ. ಬೆಳಗಾವಿಯಿಂದ ಗೋವಾಕ್ಕೆ ಚೋರ್ಲಾ ಘಾಟ್ ಇಳಿಯುವವರು 600 ಮೀಟರ್ ಇಳಿತವನ್ನು ಬರೀ ಬ್ರೇಕಿನ ಮೇಲೆ ನಿಭಾಯಿಸಿದರೆ ಅದು ಹದಿನೈದು ಬಾರಿ ನಿಲ್ಲಿಸಿದಂತೆ. ಸವದತ್ತಿಯ ಯಲ್ಲಮ್ಮನ ಗುಡ್ಡ ಅಷ್ಟು ದೊಡ್ಡದಲ್ಲ. ಆದರೆ ಬನದ ಹುಣ್ಣಿಮೆ, ಭರತ ಹುಣ್ಣಿಮೆಯ ಜಾತ್ರೆಗಳಲ್ಲಿ ಜನ ತುಂಬಿದ ಕ್ರೂಸರ್, ಟೆಂಪೊಗಳು ನ್ಯೂಟ್ರಲ್‌ನಲ್ಲಿ ಇಳಿಯುವುದನ್ನು ಕಂಡವರಿಗೆ ಸುಟ್ಟ ಪ್ಯಾಡಿನ ವಾಸನೆ ಹೊಸದಲ್ಲ. ಡೀಸೆಲ್ ಉಳಿತಾಯದ ಹೆಸರಿನಲ್ಲಿ ನಡೆಯುವ ಈ ಪದ್ಧತಿಗೆ ಜಗತ್ತಿನ ಯಾವ ಪ್ಯಾಡೂ ಮದ್ದಲ್ಲ. ಇಳಿಜಾರಿನಲ್ಲಿ ಎರಡನೆಯ ಗೇರಿಗೆ ಹಾಕಿದರೆ ಅರ್ಧ ಕೆಲಸವನ್ನು ಎಂಜಿನ್ನೇ ಮಾಡುತ್ತದೆ.

ಪ್ಯಾಡಿನ ಆಯ್ಕೆ

ಪ್ರತಿಯೊಂದು ಪ್ಯಾಡಿಗೂ ಅದಕ್ಕೆ ಒಗ್ಗುವ ಉಷ್ಣತೆಯ ವ್ಯಾಪ್ತಿ ಇರುತ್ತದೆ. ಕಾರಿನೊಂದಿಗೆ ಬರುವ ಸಾಮಾನ್ಯ ಪ್ಯಾಡ್ ತಣ್ಣಗಿದ್ದಾಗಲೂ ಚೆನ್ನಾಗಿ ಹಿಡಿಯುತ್ತದೆ. 350-400 ಡಿಗ್ರಿ ಸಮೀಪಿಸಿದಂತೆ ಅದರಲ್ಲಿನ ಅಂಟುರಾಳ ಆವಿಯಾಗತೊಡಗಿ ಹಿಡಿತ ಸಡಿಲುತ್ತದೆ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಇದನ್ನೇ ‘ಫೇಡ್’ ಎನ್ನುವುದು. ಅಪ್ಪಟ ರೇಸಿಂಗ್ ಪ್ಯಾಡ್ ಇದಕ್ಕೆ ತದ್ವಿರುದ್ಧ. ಅದು 600 ಡಿಗ್ರಿಯಲ್ಲೂ ಕೆಲಸ ಮಾಡಬಲ್ಲದು. ಆದರೆ 150-200 ಡಿಗ್ರಿ ಬಿಸಿಯಾಗುವವರೆಗೆ ಅದಕ್ಕೆ ಎಚ್ಚರವೇ ಇರುವುದಿಲ್ಲ. ರಾಮದುರ್ಗದ ಏಪ್ರಿಲ್ ಬಿಸಿಲು 40 ಡಿಗ್ರಿ ಇರುವುದರಿಂದ ಇಲ್ಲಿ ತೊಂದರೆಯಿಲ್ಲ ಎಂದು ಯಾರಾದರೂ ಭಾವಿಸಿದರೆ ಅದು ತಪ್ಪು. ರೇಸಿಂಗ್ ಪ್ಯಾಡಿನ ದೃಷ್ಟಿಯಲ್ಲಿ 40 ಡಿಗ್ರಿಯೂ ಚಳಿಗಾಲವೇ.

ಇದರ ಪರಿಣಾಮವೇನೆಂದು ಅಳೆದು ನೋಡಬಹುದು. ಗಂಟೆಗೆ 80 ಕಿ.ಮೀ. ಎಂದರೆ ಸೆಕೆಂಡಿಗೆ 22 ಮೀಟರ್. ಅಡ್ಡಿ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಹಿಡಿದರೆ 33 ಮೀಟರ್ ಆಗಲೇ ಕಳೆದಿರುತ್ತದೆ. ಒಣ ಡಾಂಬರಿನ ಮೇಲೆ ಒಳ್ಳೆಯ ಟೈರು, ಒಳ್ಳೆಯ ಬ್ರೇಕ್ ಇದ್ದರೆ ನಿಲ್ಲಲು ಇನ್ನು 32 ಮೀಟರ್ ಸಾಕು, ಒಟ್ಟು 65. ಕಾಲಿನ ಒತ್ತಡ ಅಷ್ಟೇ ಇದ್ದು, ತಣ್ಣಗಿನ ಪ್ಯಾಡ್ ಅರ್ಧ ಮಾತ್ರ ಹಿಡಿದರೆ 32 ಎಂಬುದು 64 ಆಗುತ್ತದೆ. ಕಬ್ಬಿನ ಟ್ರೇಲರ್ 70 ಮೀಟರ್ ದೂರದಲ್ಲಿ ಕಾಣಿಸಿದ್ದರೆ ಉಳಿದದ್ದನ್ನು ಓದುಗರೇ ಊಹಿಸಬಹುದು.

ಪ್ಯಾಡ್ ಕೊಳ್ಳುವಾಗ ಡಬ್ಬಿಯ ಮೇಲಿನ ಚಿತ್ರಕ್ಕಿಂತ ಪ್ಯಾಡಿನ ಅಂಚನ್ನು ನೋಡುವುದು ಲೇಸು. ಅನೇಕ ಕಂಪನಿಗಳು ಅಲ್ಲಿ ಎರಡು ಇಂಗ್ಲಿಷ್ ಅಕ್ಷರಗಳನ್ನು ಮುದ್ರಿಸುತ್ತವೆ. ಮೊದಲನೆಯದು ಸಾಮಾನ್ಯ ಉಷ್ಣತೆಯಲ್ಲಿ, ಎರಡನೆಯದು ಬಿಸಿಯಾದಾಗ ಇರುವ ಘರ್ಷಣೆಯ ದರ್ಜೆ. ‘ಇ’ ಎಂದರೆ ಘರ್ಷಣಾಂಕ 0.25ರಿಂದ 0.35, ‘ಎಫ್’ ಎಂದರೆ 0.35ರಿಂದ 0.45, ‘ಜಿ’ ಎಂದರೆ 0.45ರಿಂದ 0.55. ‘ಎಫ್ಎಫ್’ ಎಂದಿದ್ದರೆ ಎರಡೂ ಸ್ಥಿತಿಯಲ್ಲಿ ಸಮ. ‘ಎಫ್ಇ’ ಎಂದಿದ್ದರೆ ಬಿಸಿಯಾದಂತೆ ಸೋಲುತ್ತದೆ. ಆದರೆ ಈ ಪರೀಕ್ಷೆ ಟ್ರ್ಯಾಕಿನ ಉಷ್ಣತೆಯವರೆಗೆ ಹೋಗುವುದಿಲ್ಲ, ಬಾಳಿಕೆಯನ್ನೂ ಹೇಳುವುದಿಲ್ಲ.

ದಿನನಿತ್ಯದ ಓಡಾಟ, ತಿಂಗಳಿಗೊಮ್ಮೆ ಘಾಟ್ ರಸ್ತೆ ಎನ್ನುವವರಿಗೆ ಕಂಪನಿಯ ಪ್ಯಾಡ್ ಅಥವಾ ಅದಕ್ಕೆ ಸಮನಾದ ಸೆಮಿ-ಮೆಟಾಲಿಕ್ ಪ್ಯಾಡ್ ಧಾರಾಳವಾಗಿ ಸಾಕು. ಸೆರಾಮಿಕ್ ಪ್ಯಾಡ್ ಸದ್ದಿಲ್ಲದೆ, ಚಕ್ರಕ್ಕೆ ಮಸಿ ಹಿಡಿಸದೆ ಕೆಲಸ ಮಾಡುತ್ತದೆ. ಹೆಸರು ಕೇಳಿ ಅದನ್ನು ರೇಸ್ ಕಾರುಗಳ ಕಾರ್ಬನ್-ಸೆರಾಮಿಕ್ ಡಿಸ್ಕಿನ ಬಳಗಕ್ಕೆ ಸೇರಿಸಬಾರದು. ಟ್ರ್ಯಾಕಿಗೆ ಹೋಗುವವರು ಎರಡು ಜೊತೆ ಪ್ಯಾಡ್ ಇಟ್ಟುಕೊಳ್ಳುವುದೇ ಸರಿಯಾದ ದಾರಿ ಎಂಬುದು ಈ ಲೇಖಕನ ಅಭಿಪ್ರಾಯ. ಎರಡಕ್ಕೂ ಆಗುವ ‘ಫಾಸ್ಟ್ ರೋಡ್’ ಪ್ಯಾಡುಗಳು ಮಾರುಕಟ್ಟೆಯಲ್ಲಿವೆ. ಹೊಸಬರು ಒಂದೊಂದು ಬಾರಿಗೆ ನಾಲ್ಕೈದು ಸುತ್ತು ಓಡಿಸಿ ಆರಿಸಿಕೊಳ್ಳುವುದಾದರೆ ಅವೂ ನಡೆಯುತ್ತವೆ.

ಡಿಸ್ಕ್: ತೂತಿನ ಶೋಕಿ

ಚಕ್ರಗಳ ಸಂದಿಯಿಂದ ಕಾಣುವ ತೂತು ಕೊರೆದ ಡಿಸ್ಕಿಗೆ ಮರುಳಾಗುವವರು ಬಹಳ. ಹಿಂದೆ ಪ್ಯಾಡುಗಳಿಂದ ಹೊರಬರುತ್ತಿದ್ದ ಅನಿಲ ಹೊರಹೋಗಲೆಂದು ತೂತು ಕೊರೆಯುತ್ತಿದ್ದರು. ಇಂದಿನ ಪ್ಯಾಡುಗಳಿಗೆ ಅದರ ಅಗತ್ಯ ಕಡಿಮೆ. ತೂತು ಕೊರೆದಷ್ಟೂ ಶಾಖ ಹೀರುವ ಕಬ್ಬಿಣ ಕಡಿಮೆಯಾಗುತ್ತದೆ, ಬಿಸಿ-ತಂಪಿನ ಏರಿಳಿತದಲ್ಲಿ ಬಿರುಕು ಹುಟ್ಟುವುದೂ ಆ ತೂತಿನ ಅಂಚಿನಿಂದಲೇ. ಹೊಲದಿಂದ ರಸ್ತೆಗೆ ಬರುವ ಟ್ರ್ಯಾಕ್ಟರುಗಳು ಮಳೆಗಾಲದಲ್ಲಿ ಡಾಂಬರಿನ ಮೇಲೆ ಎರೆಮಣ್ಣು ಬಳಿಯುವ ನಮ್ಮಲ್ಲಂತೂ ಆ ತೂತುಗಳಿಗೆ ಮೆತ್ತಿಕೊಳ್ಳುವುದು ಕೆಸರು. ಗೀರು ಕೊರೆದ ಡಿಸ್ಕ್ ಇದಕ್ಕಿಂತ ಮೇಲು. ಪ್ಯಾಡಿನ ಮೈಯನ್ನು ಕೆರೆದು ಹಸನಾಗಿಡುತ್ತದೆ, ಬದಲಿಗೆ ಪ್ಯಾಡ್ ಬೇಗ ಸವೆಯುತ್ತದೆ. ಟ್ರ್ಯಾಕಿಗೂ ರಸ್ತೆಗೂ ನಯವಾದ ಸಾದಾ ಡಿಸ್ಕೇ ಸಾಕು. ಮುಂದಿನ ಡಿಸ್ಕ್ ಎರಡು ತಟ್ಟೆಗಳ ನಡುವೆ ಗಾಳಿ ಹಾಯುವ ವೆಂಟಿಲೇಟೆಡ್ ಮಾದರಿಯದಾಗಿರಬೇಕು.

ಡಿಸ್ಕ್ ತಯಾರಾಗುವುದು ಬೂದು ಬೀಡುಕಬ್ಬಿಣದಿಂದ. ಇದರಲ್ಲಿ ಶೇ. 3ಕ್ಕೂ ಹೆಚ್ಚು ಇಂಗಾಲವಿದ್ದು, ಅದು ಗ್ರಾಫೈಟ್ ಪದರಗಳ ರೂಪದಲ್ಲಿ ಹರಡಿಕೊಂಡಿರುತ್ತದೆ. ಶಾಖವನ್ನು ಬೇಗ ಹರಡುವುದಕ್ಕೂ ಕಂಪನವನ್ನು ನುಂಗುವುದಕ್ಕೂ ಈ ಪದರಗಳೇ ಕಾರಣ. ಬೆಳಗಾವಿ ಫೌಂಡ್ರಿಗಳ ಊರು. ಉದ್ಯಮಬಾಗ್‌ನ ಎರಕದ ಕೆಲಸಗಾರರಿಗೆ ಈ ಲೋಹದ ಗುಣ ಹೇಳಿಕೊಡಬೇಕಾದ್ದಿಲ್ಲ. ‘ಹೈ ಕಾರ್ಬನ್’ ಎಂದು ಮಾರುವ ಡಿಸ್ಕುಗಳಲ್ಲಿ ಇಂಗಾಲ ಸ್ವಲ್ಪ ಹೆಚ್ಚು, ಶಾಖಕ್ಕೆ ಸೊಟ್ಟಗಾಗುವುದು ಸ್ವಲ್ಪ ಕಡಿಮೆ. ಹಣ ಹೆಚ್ಚು ಕೊಡುವುದಾದರೆ ತೂತಿಗಿಂತ ಇದಕ್ಕೆ ಕೊಡುವುದು ಮೇಲು.

ಗ್ಯಾರೇಜಿನಲ್ಲಿ ಪ್ಯಾಡ್ ಬದಲಿಸುವಾಗ ಡಿಸ್ಕನ್ನು ಲೇತ್‌ಗೆ ಹಾಕಿ ಸಾಣೆ ಹಿಡಿಸುವ ರೂಢಿಯಿದೆ. ಡಿಸ್ಕಿನ ಮೇಲೆಯೇ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಮುದ್ರಿಸಿರುತ್ತಾರೆ. ಹೊಸದರಲ್ಲಿ 22 ಮಿ.ಮೀ. ಇದ್ದರೆ ಮಿತಿ 20ರ ಆಸುಪಾಸು. ಸಾಣೆ ಹಿಡಿಸಿ ಆ ಮಿತಿ ದಾಟಿದರೆ ಕೆಲಸ ಮುಗಿಯಿತು. ಮಿಸ್ತ್ರಿಯನ್ನು ಮೈಕ್ರೋಮೀಟರ್ ಹಿಡಿದು ಅಳೆಯಲು ಕೇಳುವುದರಲ್ಲಿ ಸಂಕೋಚ ಬೇಡ.

ದೊಡ್ಡ ಡಿಸ್ಕ್ ಹಾಕಿಸಿದರೆ ಕಾರು ಬೇಗ ನಿಲ್ಲುತ್ತದೆಂಬುದು ಇನ್ನೊಂದು ತಪ್ಪು ಕಲ್ಪನೆ. ಈಗಿರುವ ಬ್ರೇಕೇ ಎಬಿಎಸ್ ಕೆಲಸ ಮಾಡುವಷ್ಟು ಹಿಡಿಯುತ್ತಿದ್ದರೆ ನಿಲ್ಲುವ ದೂರವನ್ನು ನಿರ್ಧರಿಸುವುದು ಟೈರು. ದೊಡ್ಡ ಡಿಸ್ಕ್ ಸಹಿಸುವುದು ಹೆಚ್ಚು ಶಾಖವನ್ನಷ್ಟೇ. ಭಾರತದಲ್ಲಿ ಮಾರುವ ಹೊಸ ಕಾರುಗಳಿಗೆಲ್ಲ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ. ಅದಕ್ಕಿಂತ ಹಳೆಯ, ಎಬಿಎಸ್ ಇಲ್ಲದ ಕಾರಿನಲ್ಲಿ ಮುಂದೆ ಮಾತ್ರ ತೀಕ್ಷ್ಣ ಪ್ಯಾಡ್ ಹಾಕಿಸಿದರೆ ಮಳೆಯಲ್ಲಿ ಮುಂದಿನ ಚಕ್ರ ಬೇಗ ಲಾಕ್ ಆಗಿ ಸ್ಟೀರಿಂಗ್ ಮಾತು ಕೇಳುವುದಿಲ್ಲ.

ಎಲ್ಲರೂ ಮರೆಯುವ ಬ್ರೇಕ್ ಆಯಿಲ್

ಟ್ರ್ಯಾಕಿನಲ್ಲಿ ಹೊಸಬರಿಗೆ ಕೈಕೊಡುವುದು ಹಲವು ಸಲ ಪ್ಯಾಡೂ ಅಲ್ಲ, ಡಿಸ್ಕೂ ಅಲ್ಲ, ಬ್ರೇಕ್ ಆಯಿಲ್. ಇದು ಗಾಳಿಯ ತೇವವನ್ನು ಹೀರುತ್ತದೆ. ‘ಡಾಟ್ 3’ ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು. ನೀರು ಹೀರಿದ ಮೇಲೆ ಅದರ ಮಿತಿ 140. ‘ಡಾಟ್ 4’ರಲ್ಲಿ ಇದು 230 ಮತ್ತು 155, ‘ಡಾಟ್ 5.1’ರಲ್ಲಿ 260 ಮತ್ತು 180. ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆ ತುಂಬಿ ಪೆಡಲ್ ಮೆತ್ತಗೆ ನೆಲ ಮುಟ್ಟುತ್ತದೆ. ಫೇಡ್ ಆದಾಗ ಸ್ವಲ್ಪವಾದರೂ ಬ್ರೇಕ್ ಉಳಿದಿರುತ್ತದೆ. ಇದರಲ್ಲಿ ಏನೂ ಉಳಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ, ಟ್ರ್ಯಾಕಿಗೆ ಹೋಗುವವರಾದರೆ ಪ್ರತಿ ಬಾರಿ ಹೋಗುವ ಮೊದಲು, ಸೀಲು ಒಡೆಯದ ಡಬ್ಬಿಯಿಂದ ಬದಲಿಸಬೇಕು. ಹೆಸರು ಹೋಲುವ ‘ಡಾಟ್ 5’ ಸಿಲಿಕೋನ್ ಆಯಿಲ್. ಅದನ್ನು ಇವುಗಳೊಂದಿಗೆ ಬೆರೆಸಲೇಬಾರದು. ಇಡೀ ಬ್ರೇಕ್ ವ್ಯವಸ್ಥೆಯಲ್ಲಿ ಅತ್ಯಂತ ಅಗ್ಗದ ವಸ್ತು ಇದು.

ಟ್ರ್ಯಾಕಿನ ದಿನ

ನಮ್ಮ ಭಾಗಕ್ಕೆ ಹತ್ತಿರವಿರುವ ಕೊಲ್ಲಾಪುರದ ಟ್ರ್ಯಾಕ್ ಹೆಸರಾಗಿರುವುದು ಕಾರ್ಟಿಂಗ್‌ಗೆ. ಸ್ವಂತ ಕಾರು ಓಡಿಸಲು ರಾಜ್ಯದವರು ಸಾಮಾನ್ಯವಾಗಿ ಹೋಗುವುದು ಚೆನ್ನೈ ಸಮೀಪದ ಇರುಂಗಾಟ್ಟುಕೋಟೈನ 3.7 ಕಿ.ಮೀ. ಟ್ರ್ಯಾಕಿಗೆ ಅಥವಾ ಕೊಯಮತ್ತೂರಿನ 2.1 ಕಿ.ಮೀ. ಉದ್ದದ ಕರಿ ಮೋಟಾರ್ ಸ್ಪೀಡ್‌ವೇಗೆ. ಕಿತ್ತೂರಿನಿಂದ ಚೆನ್ನೈ ಕಡೆಗೆ 700 ಕಿ.ಮೀ.ಗೂ ಹೆಚ್ಚು ದೂರ. ಅಷ್ಟು ದಾರಿಯನ್ನು ಊರಿನ ಪ್ಯಾಡಿನಲ್ಲೇ ಹೋಗಿ, ಅಲ್ಲಿ ಬದಲಿಸಿಕೊಳ್ಳಬೇಕು. ಟ್ರ್ಯಾಕಿಗೆ ಇಳಿಯುವಾಗ ಪ್ಯಾಡ್ ಅರ್ಧಕ್ಕಿಂತ ಹೆಚ್ಚು ಉಳಿದಿರಲಿ.

ಹೊಸ ಪ್ಯಾಡ್ ಹಾಕಿದ ಕೂಡಲೇ ಪೂರ್ತಿ ಹಿಡಿಯುವುದಿಲ್ಲ. ಅದರ ತೆಳು ಪದರವೊಂದು ಡಿಸ್ಕಿನ ಮೇಲೆ ಸಮನಾಗಿ ಕೂರಬೇಕು. ಊರಿನ ಪ್ಯಾಡಾದರೆ ವಾಹನ ಸಂಚಾರವಿಲ್ಲದ ನೇರ ರಸ್ತೆಯಲ್ಲಿ 60ರಿಂದ 10ಕ್ಕೆ ಎಂಟು-ಹತ್ತು ಬಾರಿ ಹದವಾಗಿ ವೇಗ ಇಳಿಸಿ, ಪೂರ್ತಿ ನಿಲ್ಲಿಸದೆ, ನಂತರ ಕೆಲವು ಕಿ.ಮೀ. ಬ್ರೇಕ್ ಮುಟ್ಟದೆ ಓಡಿಸಿದರೆ ಸಾಕು. ರೇಸಿಂಗ್ ಪ್ಯಾಡಿಗೆ ಅದರ ತಯಾರಕರು ಹೇಳಿದ ಕ್ರಮವೇ ಬೇಕು. ಅದಕ್ಕೆ ತಕ್ಕ ಜಾಗ ಟ್ರ್ಯಾಕೇ ಹೊರತು ಹೆದ್ದಾರಿಯಲ್ಲ. ಓಟ ಮುಗಿದ ಮೇಲೆ ಒಂದು ಸುತ್ತು ನಿಧಾನವಾಗಿ ಬಂದು ಆರಿಸಬೇಕು. ಕಾದ ಬ್ರೇಕಿಗೆ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸುವುದು ಬೇಡ. ಚಕ್ರಕ್ಕೆ ಕಲ್ಲೋ ಕಟ್ಟಿಗೆಯೋ ಕೊಟ್ಟರಾಯಿತು.

ಊರಿಗೆ ಹೊರಡುವ ಮೊದಲು ಅಲ್ಲೇ ಊರಿನ ಪ್ಯಾಡನ್ನು ಮರಳಿ ಹಾಕಬೇಕು. ದಣಿವಿನಲ್ಲಿ ‘ನಾಳೆ ಮನೆಯಲ್ಲಿ ಬದಲಿಸೋಣ’ ಎನ್ನುವವರೇ ಹೆಚ್ಚು. ಪ್ಯಾಡ್ ಬದಲಿಸಲು ಕ್ಯಾಲಿಪರ್‌ನ ಪಿಸ್ಟನ್ ಹಿಂದಕ್ಕೆ ಒತ್ತಿರುವುದರಿಂದ ಮೊದಲ ಒಂದೆರಡು ತುಳಿತಕ್ಕೆ ಬ್ರೇಕ್ ಇರುವುದೇ ಇಲ್ಲ. ಕಾರು ನಿಂತಿರುವಾಗಲೇ ಪೆಡಲ್ ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತಿ, ಆಯಿಲ್ ಮಟ್ಟ ನೋಡಿ, ಅನಂತರವೇ ಗೇರ್ ಹಾಕಬೇಕು.