ಕಚೇರಿಯ ಅಂಗಳಕ್ಕೆ ಯಾವ ಗಿಡ?

ಕಾಮರ್ಸ್ ಓದುವವನಿಗೆ ಗಿಡಗಳ ಉಸಾಬರಿ ಯಾಕೆ ಅಂತ ಗೆಳೆಯರು ಕೇಳಬಹುದು. ಬೆಳಿಗ್ಗೆ ಕಾಲೇಜು ಮುಗಿಸಿ ಮಧ್ಯಾಹ್ನ ನಾನು ಅಂಧೇರಿಯ ಒಂದು ಸಣ್ಣ ಕಂಪನಿಯಲ್ಲಿ ಲೆಕ್ಕ ಬರೆಯುತ್ತೇನೆ. ಖರ್ಚಿನ ವೋಚರುಗಳೆಲ್ಲ ನನ್ನ ಕೈಮೇಲೇ ಹಾದುಹೋಗುತ್ತವೆ. ಗಿಡ ಕೊಂಡ ವೋಚರು ಒಂದೇ ಒಂದು. ಅವನ್ನು ಬದುಕಿಸಿಕೊಳ್ಳುವ ವೋಚರುಗಳು ಮಾತ್ರ ತಿಂಗಳು ತಿಂಗಳೂ ಬರುತ್ತವೆ: ಮಾಳಿಯ ಪಗಾರ, ಗೊಬ್ಬರ, ಔಷಧ, ಬೇಸಿಗೆ ಬಂತೆಂದರೆ ನೀರಿನ ಟ್ಯಾಂಕರು. ನಮ್ಮ ಪಠ್ಯದ ಮಾತಿನಲ್ಲಿ ಹೇಳುವುದಾದರೆ ಮೊದಲನೆಯದು ಕ್ಯಾಪಿಟಲ್ ಖರ್ಚು, ಮಿಕ್ಕದ್ದು ರೆವೆನ್ಯೂ ಖರ್ಚು. ನರ್ಸರಿಯಲ್ಲಿ ಅಗ್ಗವಾಗಿ ಸಿಕ್ಕಿದ ಗಿಡ ಅಗ್ಗದ ಗಿಡವಲ್ಲ ಎಂಬುದು ನನಗೆ ತಿಳಿದದ್ದು ಹೀಗೆ.

ಮೊದಲು ಮುಂಬೈಯ ಹವೆಯನ್ನು ನೋಡಬೇಕು. ಇಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಮೇಲೆ ಮಳೆ ಬೀಳುತ್ತದೆ. ಆದರೆ ಬಹುತೇಕ ಎಲ್ಲವೂ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಹೋಗುತ್ತದೆ. ಉಳಿದ ಎಂಟು ತಿಂಗಳು ಹೆಚ್ಚುಕಡಿಮೆ ಒಣಗಾಲ. ಅಂದರೆ ನಾವು ಆರಿಸುವ ಗಿಡ ನಾಲ್ಕು ತಿಂಗಳು ಬೇರು ಕೊಳೆಯದೆ ನಿಲ್ಲಬೇಕು, ಎಂಟು ತಿಂಗಳು ಬಾಯಾರಿಕೆ ತಡೆಯಬೇಕು. ಸಮುದ್ರ ಹತ್ತಿರವಿದ್ದರೆ ಉಪ್ಪಿನ ಗಾಳಿಯನ್ನೂ ಸಹಿಸಬೇಕು. ಜುಲೈಯಲ್ಲಿ ಎಲ್ಲ ಗಿಡವೂ ಚೆಂದವೇ. ಗಿಡದ ಪರೀಕ್ಷೆ ನಡೆಯುವುದು ಮೇ ತಿಂಗಳಲ್ಲಿ.

ಈ ಪರೀಕ್ಷೆಯಲ್ಲಿ ಮೊದಲು ನಪಾಸಾಗುವುದು ಹುಲ್ಲುಹಾಸು. ಲೆಕ್ಕ ಹಾಕೋಣ. ಒಂದು ಚದರ ಮೀಟರ್ ನೆಲಕ್ಕೆ ಒಂದು ಮಿಲಿಮೀಟರ್ ನೀರು ಅಂದರೆ ಸರಿಯಾಗಿ ಒಂದು ಲೀಟರ್. ಬೇಸಿಗೆಯಲ್ಲಿ ಹುಲ್ಲು ಹಸಿರಾಗಿರಲು ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರು ಬೇಕು. 100 ಚದರ ಮೀಟರಿನ ಅಂಗಳಕ್ಕೆ ದಿನಕ್ಕೆ 500 ಲೀಟರ್ ಆಯಿತು. ಏಪ್ರಿಲ್, ಮೇ ಎರಡೇ ತಿಂಗಳಿಗೆ 30,000 ಲೀಟರ್. ಹತ್ತು ಸಾವಿರ ಲೀಟರಿನ ಟ್ಯಾಂಕರು ಮೂರು! ಅದರ ಮೇಲೆ ಯಾರೂ ಕೂರುವುದಿಲ್ಲ, ನಡೆಯುವುದೂ ಇಲ್ಲ. ಬರೀ ನೋಡೋದಕ್ಕೆ.

ಆದರೆ ವೋಚರಿನಲ್ಲಿ ಬಾರದ ಖರ್ಚೊಂದಿದೆ. ನಮ್ಮ ಕಂಪನಿಯ ವಾಚ್‌ಮನ್ ಕಲಬುರಗಿ ಕಡೆಯವರು. ನಾನು ಅವರನ್ನು ಕಾಕಾ ಅಂತಲೇ ಕರೆಯೋದು. ಮಾಳಿ ಬಾರದ ದಿನ, ಪೈಪಿನಲ್ಲಿ ನೀರು ಬಾರದ ದಿನ, ಕೆಳಗಿನ ಟಾಕಿಯಿಂದ ನೀರು ಹೊರುವುದು ಅವರ ಪಾಲಿಗೆ. 15 ಲೀಟರಿನ ಬಕೀಟಿನಿಂದ 500 ಲೀಟರ್ ಅಂದರೆ 33 ಸಲ. ಇದಕ್ಕೆ ಅವರಿಗೆ ಬೇರೆ ಪಗಾರವಿಲ್ಲ. "ಹೂವ ಸಾಹೇಬ್ರಿಗೆ, ಬಕೀಟ ನಮಗ ನೋಡು ತಮ್ಮಾ" ಅಂತ ಒಮ್ಮೆ ನಕ್ಕರು. ಕಡಿಮೆ ಆರೈಕೆಯ ಗಿಡ ಎನ್ನುವಾಗ ಯಾರ ಆರೈಕೆ ಎಂದೂ ಕೇಳಿಕೊಳ್ಳಬೇಕು.

ಹಾಗಾದರೆ ಯಾವ ಗಿಡ ಹಾಕೋದು? ಇಲ್ಲಿಯ ನರ್ಸರಿಗಳಲ್ಲಿ ನಮ್ಮ ಹೆಸರುಗಳು ನಡೆಯುವುದಿಲ್ಲವಾದ್ದರಿಂದ ಮರಾಠಿ ಹೆಸರನ್ನೂ ಕೊಡುತ್ತೇನೆ.

ಬೇಲಿಯ ಉದ್ದಕ್ಕೆ ಕಣಗಿಲೆ. ಮರಾಠಿಯಲ್ಲಿ ಕಣ್ಹೇರ್. ಬಿಸಿಲು, ಹೊಗೆ, ಉಪ್ಪಿನ ಗಾಳಿ ಯಾವುದಕ್ಕೂ ಅಂಜುವುದಿಲ್ಲ. ದನ, ಆಡು ಬಾಯಿ ಹಾಕುವುದಿಲ್ಲ. ಹೆದ್ದಾರಿಯ ನಡುವೆ ಇದನ್ನೇ ನೆಡುವುದು ಅದಕ್ಕೇ. ಆದರೆ ಎಲೆಯಿಂದ ಬೇರಿನವರೆಗೆ ಎಲ್ಲವೂ ವಿಷ. ಮಕ್ಕಳು ಓಡಾಡುವ ಕಡೆ ಬೇಡ.

ಗೋಡೆಯ ಮೇಲೆ ಹಬ್ಬಿಸಲು ಬೋಗನ್‌ವಿಲ್ಲಾ, ನಾವು ಕಾಗದದ ಹೂವು ಅನ್ನುತ್ತೇವಲ್ಲ ಅದು. ನಾವು ಹೂವೆಂದು ತಿಳಿಯುವ ಬಣ್ಣದ ಭಾಗ ನಿಜವಾಗಿ ಎಲೆಯದೇ ಒಂದು ರೂಪ. ಹೂವು ಅದರ ನಡುವಿನ ಸಣ್ಣ ಬಿಳಿ ಕೊಳವೆ. ನೀರು ಹೆಚ್ಚಾದರೆ ಬರೀ ಎಲೆ ಬಿಡುತ್ತದೆ, ನೀರು ಕಡಿಮೆಯಾದಾಗ ಬಣ್ಣ ತುಂಬುತ್ತದೆ. ಮುಳ್ಳಿದೆ, ಆದ್ದರಿಂದ ಓಡಾಡುವ ದಾರಿಯಿಂದ ದೂರವಿರಲಿ.

ಮಡಿಗಳಿಗೆ ನಿತ್ಯಪುಷ್ಪ, ಮರಾಠಿಯಲ್ಲಿ ಸದಾಫುಲಿ. ಬೀಜ ತಾನೇ ಉದುರಿ ತಾನೇ ಮೊಳೆಯುತ್ತದೆ. ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಔಷಧ ದೊರೆತದ್ದು ಈ ಬಡ ಗಿಡದಿಂದಲೇ. ಆದರೆ ನೀರು ನಿಲ್ಲುವ ಜಾಗದಲ್ಲಿ ಬೇರು ಕೊಳೆಯುತ್ತದೆ, ಮಡಿಯನ್ನು ಸ್ವಲ್ಪ ಎತ್ತರಿಸಬೇಕು.

ಬಾಗಿಲ ಬಳಿಯ ಕುಂಡಗಳಿಗೆ ಲೋಳೆಸರ, ಸ್ನೇಕ್ ಪ್ಲಾಂಟ್. ಇವು ದಪ್ಪ ಎಲೆಯಲ್ಲಿ ನೀರು ಕೂಡಿಡುತ್ತವೆ. ಎಲೆಯ ರಂಧ್ರಗಳನ್ನು ಹೆಚ್ಚಾಗಿ ರಾತ್ರಿಯೇ ತೆರೆಯುವುದರಿಂದ ಹಗಲಿನ ಬಿಸಿಲಿಗೆ ನೀರು ಪೋಲಾಗದು. ಮರೆತರೆ ಸಾಯುವುದಿಲ್ಲ, ಪ್ರೀತಿಯಿಂದ ದಿನಾ ನೀರು ಹಾಕಿದರೆ ಸಾಯುತ್ತವೆ! ದಾಸವಾಳ, ಅಂದರೆ ಜಾಸ್ವಂದ್, ಒಂದೆರಡು ಸಾಕು. ಅದಕ್ಕೆ ಹಿಟ್ಟು ತಿಗಣೆಯ ಕಾಟ ಜಾಸ್ತಿ.

ಮರದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಗಿಡವನ್ನು ಕಿತ್ತು ಬೇರೆ ಹಾಕಬಹುದು, ಮರವನ್ನು ಹಾಗೆ ಮಾಡಲಾಗದು. ಮಹಾರಾಷ್ಟ್ರದ ನಗರಗಳಲ್ಲಿ 1975ರ ಮರ ಸಂರಕ್ಷಣಾ ಕಾನೂನಿನ ಪ್ರಕಾರ ಮರ ಕಡಿಯಲು ಅನುಮತಿ ಬೇಕು. ಗುಲ್‌ಮೊಹರ್ ಹೂವಿಗೆ ಮನಸೋಲದವರಿಲ್ಲ. ಆದರೆ ಅದರ ಬೇರು ಆಳಕ್ಕಿಳಿಯುವುದಿಲ್ಲ, ಕೊಂಬೆ ಪೆಳಸು. ಮಳೆಗಾಲದ ಗಾಳಿಗೆ ಪಾರ್ಕಿಂಗಿನ ಮೇಲೆ ಬೀಳುವ ಮರ ಅದು. ಬೇಗ ಬೆಳೆದು ಸದಾ ಹಸಿರಾಗಿರುತ್ತದೆಂದು ಕೊನೊಕಾರ್ಪಸ್ ಎಂಬ ಮರವನ್ನು ಊರೂರಲ್ಲಿ ನೆಟ್ಟರು. ಬೇರು ಚರಂಡಿ, ಕೇಬಲ್ ಹೊಕ್ಕು ಕೆಡಿಸುತ್ತದೆ, ಪರಾಗದಿಂದ ಕೆಮ್ಮು, ಅಲರ್ಜಿ ಬರುತ್ತದೆ ಎಂದು 2023ರಲ್ಲಿ ಗುಜರಾತ್ ಸರ್ಕಾರ ಅದನ್ನು ನೆಡುವುದನ್ನೇ ನಿಷೇಧಿಸಿತು. ಆರೈಕೆ ಬೇಡದ್ದೆಲ್ಲ ಒಳ್ಳೆಯದಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಜಾಗವಿದ್ದರೆ ಹೊಂಗೆ ನೆಡಿ, ಮರಾಠಿಯಲ್ಲಿ ಕರಂಜ. ಇಲ್ಲವೆ ಕಡುನಿಂಬ, ನಮ್ಮ ಬೇವಿನ ಗಿಡ. ಎರಡೂ ಬರ ತಡೆಯುವಂಥವು, ಎರಡೂ ನೆರಳು ಕೊಡುವಂಥವು. ಗೋಡೆಗೆ ಒತ್ತಿ ಮಾತ್ರ ನೆಡಬೇಡಿ. ಬುಡಕ್ಕೆ ಸಿಮೆಂಟು ಬಳಿಯಬೇಡಿ. ನೀರೂ ಗಾಳಿಯೂ ಬೇರಿಗೆ ಹೋಗುವುದಿಲ್ಲ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದಿಲ್ಲಿಯ ಮರಗಳ ಸುತ್ತ ಒಂದು ಮೀಟರ್ ಕಾಂಕ್ರೀಟು ಕೀಳಿಸಬೇಕೆಂದು ಆದೇಶಿಸಿತ್ತು.

ಏನೇ ನೆಟ್ಟರೂ ಜೂನ್ ತಿಂಗಳಲ್ಲಿ, ಎರಡು ಮಳೆ ಬಿದ್ದ ಮೇಲೆ ನೆಡಬೇಕು. ನಾಲ್ಕು ತಿಂಗಳ ಪುಕ್ಕಟೆ ನೀರಿನಲ್ಲಿ ಬೇರು ಇಳಿಯುತ್ತದೆ. ಮೊದಲ ಬೇಸಿಗೆಯಲ್ಲಿ ಬೇವಿಗೂ ನೀರು ಬೇಕೇ ಬೇಕು. ಗುಡಿಸಿದ ಎಲೆಗಳನ್ನು ಸುಡದೆ ಬುಡಕ್ಕೆ ಎರಡು ಮೂರು ಇಂಚು ಹಾಸಿದರೆ ಮಣ್ಣಿನ ತೇವ ಉಳಿಯುತ್ತದೆ, ಕಳೆಯೂ ಕಡಿಮೆ.

ಈ ಲೆಕ್ಕವನ್ನೇ ಒಂದು ಹಾಳೆಯಲ್ಲಿ ಬರೆದು ನಮ್ಮ ಸಾಹೇಬರ ಮೇಜಿನ ಮೇಲೆ ಇಟ್ಟಿದ್ದೇನೆ. ಮುಕ್ಕಾಲು ಪಾಲು ಹುಲ್ಲು ತೆಗೆಯಿರಿ ಎಂದಿದ್ದೇನೆ. ಮಾಳಿಯನ್ನು ತೆಗೆಯಿರಿ ಎಂದಿಲ್ಲ. ಸವರುವುದು, ರೋಗ ನೋಡುವುದು ಬಲ್ಲವರ ಕೆಲಸ. ಟ್ಯಾಂಕರಿಗೆ ಕೊಡುವ ದುಡ್ಡಿನಲ್ಲಿ ಸ್ವಲ್ಪ ಅವನ ಪಗಾರಕ್ಕೆ ಹೋದರೆ ಕಂಪನಿಗೆ ನಷ್ಟವಿಲ್ಲ. ನಮ್ಮಲ್ಲಿ ಎಷ್ಟೋ ಗೆಳೆಯರು ಕಚೇರಿಗಳಲ್ಲಿ ದುಡಿಯುತ್ತಾ ಓದುತ್ತಿದ್ದಾರೆ. ಅವರೂ ತಮ್ಮ ಅಂಗಳದ ಲೆಕ್ಕ ಹಾಕಲಿ. ಗಿಡದ ಹೆಸರು ಬರೆಯುವ ಮೊದಲು, ಮೇ ತಿಂಗಳಲ್ಲಿ ಅದಕ್ಕೆ ನೀರು ಹೊರುವವರನ್ನು ಒಂದು ಮಾತು ಕೇಳಲಿ.