ಸಂಬಳದ ಲೆಕ್ಕವೂ ಬದಲಾಗುವ ಕಾನೂನೂ

ಸಂಬಳದ ಲೆಕ್ಕ ಹಾಕುವುದು ಗಣಕಯಂತ್ರಕ್ಕೆ ಎಷ್ಟರ ಕೆಲಸವೆಂದು ವಾಚಕರು ಕೇಳಬಹುದು. ಕೂಡುವುದು, ಗುಣಿಸುವುದು, ಕಳೆಯುವುದು, ಇಷ್ಟೇ ಅಲ್ಲವೆ? ಗಣಿತವೇನೋ ಸುಲಭವೇ. ಆದರೆ ಅದರ ನಿಯಮಗಳನ್ನು ವಿಧಿಸುವುದು ಸರ್ಕಾರ; ಅವು ವರ್ಷ ವರ್ಷವೂ ಬದಲಾಗುತ್ತಿರುತ್ತವೆ. ಸಂಬಳದ ಸಾಫ್ಟ್‌ವೇರಿನ ಕಷ್ಟವಿರುವುದು ಇಲ್ಲಿಯೇ. ಅಮೆರಿಕದ ಉದಾಹರಣೆಯಿಂದ ಇದನ್ನು ತಿಳಿಯೋಣ.

ಅಲ್ಲಿ ಸೋಷಿಯಲ್ ಸೆಕ್ಯುರಿಟಿ ಎಂಬ ವೃದ್ಧಾಪ್ಯವೇತನದ ಯೋಜನೆಗಾಗಿ ನೌಕರನ ಸಂಬಳದಲ್ಲಿ ಶೇಕಡಾ ೬.೨ರಷ್ಟನ್ನು ಹಿಡಿಯುತ್ತಾರೆ, ಮಾಲಿಕನೂ ಅಷ್ಟನ್ನೇ ಸೇರಿಸಬೇಕು. ವರ್ಷದ ಸಂಬಳ ಒಂದು ಮಿತಿಯನ್ನು ಮುಟ್ಟಿದೊಡನೆ ಈ ಕಡಿತ ನಿಲ್ಲುತ್ತದೆ. ಆ ಮಿತಿ ೨೦೨೩ರಲ್ಲಿ ೧,೬೦,೨೦೦ ಡಾಲರ್ ಇದ್ದುದು ೨೦೨೪ರಲ್ಲಿ ೧,೬೮,೬೦೦ ಡಾಲರಿಗೆ ಏರಿತು. ಹಳೆಯ ಅಂಕಿಯನ್ನೇ ಉಳಿಸಿಕೊಂಡ ಸಾಫ್ಟ್‌ವೇರು, ಹೊಸ ಮಿತಿಯನ್ನು ದಾಟಿದ ಪ್ರತಿಯೊಬ್ಬ ನೌಕರನಿಂದಲೂ ಆ ವರ್ಷ ೫೨೦ ಡಾಲರ್ ೮೦ ಸೆಂಟು ಕಡಮೆ ಹಿಡಿಯುತ್ತದೆ.

ಹಾಗಾದರೆ ಜನವರಿ ಒಂದರಂದು ಹಳೆಯ ಅಂಕಿಯನ್ನು ಅಳಿಸಿ ಹೊಸದನ್ನು ಬರೆದರೆ ಸಾಲದೆ? ಸಾಲದು. ೨೦೨೩ರ ಲೆಕ್ಕದ ತಪ್ಪೊಂದು ಮರುವರ್ಷ ಬೆಳಕಿಗೆ ಬಂದಿತೆನ್ನಿ. ಅದನ್ನು ತಿದ್ದಲು ಹಳೆಯ ನಿಯಮವೇ ಬೇಕು. ಆದುದರಿಂದ ಬಲ್ಲವರು ಇಂತಹ ಅಂಕಿಗಳನ್ನು ಪ್ರೋಗ್ರಾಮಿನೊಳಗೆ ಹುದುಗಿಸದೆ ಪ್ರತ್ಯೇಕ ಕೋಷ್ಟಕವೊಂದರಲ್ಲಿ ಬರೆಯುತ್ತಾರೆ. ಪ್ರತಿಯೊಂದು ಅಂಕಿಯ ಪಕ್ಕದಲ್ಲಿಯೂ ಅದು ಯಾವ ದಿನದಿಂದ ಯಾವ ದಿನದವರೆಗೆ ಸಲ್ಲುವುದೆಂಬುದನ್ನು ನಮೂದಿಸುತ್ತಾರೆ. ಯಂತ್ರವು ಸಂಬಳ ಕೊಟ್ಟ ದಿನವನ್ನು ನೋಡಿ ತಕ್ಕ ಸಾಲನ್ನು ಆರಿಸಿಕೊಳ್ಳುತ್ತದೆ. ದುಡಿದ ದಿನ ಇಲ್ಲಿ ಲೆಕ್ಕಕ್ಕೆ ಬಾರದು: ಡಿಸೆಂಬರಿನ ದುಡಿಮೆಗೆ ಜನವರಿಯಲ್ಲಿ ಹಣ ಸಂದರೆ ಅದು ಹೊಸ ವರ್ಷದ ಸಂಬಳವೇ.

ಸರ್ಕಾರಕ್ಕೆ ಒಪ್ಪಿಸುವ ನಮೂನೆಯೇ ಬದಲಾದಾಗ ಮಾತ್ರ ಕೋಷ್ಟಕದಿಂದ ಪೂರೈಸದು. ೨೦೨೦ರ ಮಾರ್ಚ್ ೧೮ರಂದು, ಕೊರೋನಾ ಪಿಡುಗಿನ ನಡುವೆ, ಹೊಸದೊಂದು ಕಾನೂನಾಯಿತು. ೫೦೦ಕ್ಕಿಂತ ಕಡಮೆ ನೌಕರರುಳ್ಳ ಮಾಲಿಕರು ಕಾಯಿಲೆಯ ರಜೆಗೆ ಸಂಬಳ ಕೊಟ್ಟು, ಆ ಮೊತ್ತವನ್ನು ತಾವು ಕಟ್ಟುವ ತೆರಿಗೆಯಲ್ಲಿ ಮುರಿದುಕೊಳ್ಳಬೇಕಾಯಿತು. ಇದು ಏಪ್ರಿಲ್ ೧ರಿಂದಲೇ ಜಾರಿಗೆ ಬಂದಿತು. ನಡುವೆ ದೊರೆತುದು ಎರಡೇ ವಾರ. ಮೂರು ತಿಂಗಳಿಗೊಮ್ಮೆ ಸಲ್ಲಿಸುವ ೯೪೧ನೆಯ ನಮೂನೆಯಲ್ಲಿ ಹೊಸ ಸಾಲುಗಳು ಸೇರಿದುವು. ಇಂತಹ ಸಮಯದಲ್ಲಿ ಪ್ರೋಗ್ರಾಮನ್ನೇ ತಿದ್ದಬೇಕು. ಬಳಿಕ, ಕೈಯಿಂದ ಲೆಕ್ಕ ಮಾಡಿಟ್ಟ ಮಾದರಿ ಸಂಬಳಗಳನ್ನು ಅದಕ್ಕೆ ಕೊಟ್ಟು, ಹೊಸ ಉತ್ತರಗಳು ಸರಿಯಾಗಿವೆಯೆ, ಹಳೆಯ ಉತ್ತರಗಳು ಕದಲದೆ ನಿಂತಿವೆಯೆ ಎಂದು ಪರೀಕ್ಷಿಸಬೇಕು.

ಇಷ್ಟೊಂದು ಎಚ್ಚರಿಕೆ ಏತಕ್ಕೆ? ಡಬ್ಲ್ಯೂ–೨ ಎಂಬ ನಮೂನೆಯ ಮೂಲಕ ನೌಕರನ ವರ್ಷದ ಗಳಿಕೆ ಸೋಷಿಯಲ್ ಸೆಕ್ಯುರಿಟಿ ಕಚೇರಿಯ ದಾಖಲೆಗೆ ಸೇರುತ್ತದೆ. ಅವನ ಅತ್ಯಧಿಕ ಗಳಿಕೆಯ ೩೫ ವರ್ಷಗಳನ್ನು ಆಧರಿಸಿ ನಿವೃತ್ತಿವೇತನವನ್ನು ನಿರ್ಧರಿಸುತ್ತಾರೆ. ಇಂದು ತಪ್ಪಿ ಬಿದ್ದ ಅಂಕಿಯನ್ನು ಯಾರೂ ತಿದ್ದದಿದ್ದರೆ, ಅದರ ನಷ್ಟವನ್ನು ಅವನು ಮುಪ್ಪಿನಲ್ಲಿ ತೆರಬೇಕಾಗುವುದು.