ಗಡಿ ಅಳಿಯಿತು, ಅಳತೆ ಉಳಿಯಿತು: ಶಿರಾಳಕೊಪ್ಪ ಸೀಮೆಯ ಬಾಳು–ಬೇಸಾಯ



ಶಿಕಾರಿಪುರ ತಾಲ್ಲೂಕಿನ ಶಿರಾಳಕೊಪ್ಪವನ್ನು ನೀವು ಬೀಜ–ಗೊಬ್ಬರಕ್ಕೆಂದೋ, ಸೊರಬ, ಆನವಟ್ಟಿ, ಹಿರೇಕೆರೂರಿನ ಕಡೆಗೆ ಬಸ್ಸು ಬದಲಿಸಲೆಂದೋ ಎಂದಾದರೂ ಕಂಡಿರಬಹುದು. ನೋಡಲು ಸಣ್ಣ ಪೇಟೆ. ದೊಡ್ಡ ಕಾರ್ಖಾನೆ ಇಲ್ಲ, ದೊಡ್ಡ ಸಂಬಳದ ನೌಕರಿಯೂ ಹೆಚ್ಚಿಲ್ಲ. ಅಂಗಡಿಯವರು, ಮೂಟೆ ಹೊರುವವರು, ಗಾಡಿಯವರು, ಸುತ್ತಲ ಹಳ್ಳಿ ಮತ್ತು ಲಂಬಾಣಿ ತಾಂಡಾಗಳಿಂದ ದಿನಗೂಲಿಗೆ ಬರುವವರು, ಹೀಗೆ ಎಲ್ಲರ ಅನ್ನವೂ ಹೊಲಗದ್ದೆಗಳಿಂದಲೇ ಹುಟ್ಟಬೇಕು. ಆದ್ದರಿಂದ ಇಂಥ ಪೇಟೆಯ ಕಥೆ ರೈತನ ಕಥೆಯೇ ಆಗಿದೆ.

ಎರಡು ಗಡಿಗಳ ನಡುವೆ

ಈ ಸೀಮೆಗೆ ಎರಡು ಗಡಿಗಳು. ಮೊದಲನೆಯದು ಮಳೆಯ ಗಡಿ. ಪಶ್ಚಿಮಕ್ಕೆ ಸೊರಬದ ಕಡೆ ಕಾಡು, ಕೆರೆ, ಮಳೆ ಹೆಚ್ಚು. ಪೂರ್ವಕ್ಕೆ ಸಾಗಿದಂತೆ ಮಳೆ ಇಳಿಯುತ್ತದೆ, ಬಯಲುಸೀಮೆಯ ಹೊಲಗಳು ತೆರೆದುಕೊಳ್ಳುತ್ತವೆ. ಇದನ್ನೇ ನಾವು ಅರೆಮಲೆನಾಡು ಎನ್ನುವುದು. ಹತ್ತಾರು ಮೈಲಿಯೊಳಗೆ ಅಡಿಕೆ ತೋಟವನ್ನೂ, ನಾಟಿ ಗದ್ದೆಯನ್ನೂ, ಕೂರಿಗೆಯಲ್ಲಿ ಬಿತ್ತಿದ ಭತ್ತವನ್ನೂ, ಮೆಕ್ಕೆಜೋಳವನ್ನೂ ಇಲ್ಲಿ ಕಾಣಬಹುದು.

ಎರಡನೆಯದು ರಾಜ್ಯದ ಗಡಿ. ಶಿಕಾರಿಪುರ, ಸೊರಬ ತಾಲ್ಲೂಕುಗಳು ಮೈಸೂರು ಸೀಮೆಗೆ ಸೇರಿದ್ದವು. ಪಕ್ಕದ ಹಿರೇಕೆರೂರು, ಹಾನಗಲ್ಲು ಮುಂಬಯಿ ಆಡಳಿತದಲ್ಲಿದ್ದವು. ಆಡುವ ಮಾತು ಒಂದೇ, ಕೊಡುಕೊಳ್ಳುವ ನೆಂಟಸ್ತನವೂ ಒಂದೇ. ಕಂದಾಯದ ಕಚೇರಿ ಮಾತ್ರ ಬೇರೆ, ಕಾನೂನು ಬೇರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಹಾರ ನಿಯಂತ್ರಣ ಬಂದಾಗ ಧಾನ್ಯವನ್ನು ಗಡಿ ದಾಟಿಸಲು ಪರವಾನಗಿ ಬೇಕಾಗುತ್ತಿತ್ತು. 1956ರ ನವೆಂಬರ್ 1ರಂದು ಕನ್ನಡ ಸೀಮೆಗಳು ಒಂದಾದ ಮೇಲೆ ಆ ಗಡಿ ಬರಿಯ ಜಿಲ್ಲೆಯ ಗಡಿಯಾಯಿತು. 1997ರಿಂದ ಅತ್ತಲಿನದು ಹಾವೇರಿ ಜಿಲ್ಲೆ.

ಅಳತೆಗಾಗಿ ನಡೆದ ಹೋರಾಟ

ಈ ಭಾಗದ ಒಕ್ಕಲು ಮಕ್ಕಳು ಸುಮ್ಮನೆ ಸಹಿಸಿಕೊಂಡು ಕುಳಿತವರಲ್ಲ. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ಗ್ರಾಮದವರು ಕಂದಾಯ ಕೊಡಲೊಪ್ಪದೆ ತಮ್ಮ ಊರು ಸ್ವತಂತ್ರವೆಂದು ಸಾರಿದರು. ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಹತರಾದರು. 1943ರಲ್ಲಿ ಊರಿನ ಐವರನ್ನು ಗಲ್ಲಿಗೇರಿಸಲಾಯಿತು.

1951ರಲ್ಲಿ ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಅದಕ್ಕೆ ಒಂದು ಮುಖ್ಯ ಕಾರಣ ಗೇಣಿ ಅಳೆಯುವ ಕೊಳಗವೇ. ಭತ್ತ ಬೆಳೆದವನು ಒಬ್ಬ, ಕೊಳಗ ಹಿಡಿದವನು ಇನ್ನೊಬ್ಬ. ಕೊಳಗ ಅರ್ಧ ಸೇರು ದೊಡ್ಡದಾದರೆ ಬಡ ಒಕ್ಕಲಿನ ಮನೆಯ ಮಳೆಗಾಲದ ಅಕ್ಕಿಯೇ ಹೋಯಿತು. ಮುಂದೆ 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು, ಫಾರಂ 7 ಸಲ್ಲಿಸಿದ ಸಾವಿರಾರು ಗೇಣಿದಾರರು ಭೂಮಿಯ ಒಡೆಯರಾದರು. 1958ರಿಂದ ಹಂತಹಂತವಾಗಿ ಕಿಲೋಗ್ರಾಂ ತೂಕ ಬಂದು ಕೊಳಗವೂ ಮೂಲೆ ಸೇರಿತು.

ಆದರೆ ಅಳತೆಯ ತಕರಾರು ಮುಗಿಯಿತೆಂದು ತಿಳಿಯಬೇಡಿ. ಇಂದು ಅದು ಮೆಕ್ಕೆಜೋಳದ ತೇವಾಂಶದಲ್ಲಿದೆ, ಶುಂಠಿಗೆ ಅಂಟಿದ ಮಣ್ಣಿನಲ್ಲಿದೆ, ಚೀಲಕ್ಕೆಂದು ಮುರಿದುಕೊಳ್ಳುವ ಕಿಲೋ ಲೆಕ್ಕದಲ್ಲಿದೆ. ಒಕ್ಕಣೆ ಮುಗಿದ ದಿನವೇ ಹಸಿ ಕಾಳನ್ನು ಮಾರುವವನು ತನ್ನ ತಕ್ಕಡಿಯನ್ನು ಇನ್ನೊಬ್ಬನ ಕೈಗೆ ಕೊಟ್ಟಂತೆ.

ಶುಂಠಿಯ ಆಸೆ, ಶುಂಠಿಯ ಭಯ

ಕಳೆದ ಕೆಲವು ದಶಕಗಳಲ್ಲಿ ಈ ಸೀಮೆಯಲ್ಲಿ ಶುಂಠಿ ಹಬ್ಬಿದೆ. ಶುಂಠಿಯಿಂದ ಸಾಲ ತೀರಿಸಿ ಮನೆ ಕಟ್ಟಿದವರೂ ಇದ್ದಾರೆ. ಇದ್ದ ಮನೆಯನ್ನು ಅಡವಿಟ್ಟವರೂ ಇದ್ದಾರೆ. 2023ರ ಮಳೆಗಾಲದಲ್ಲಿ 60 ಕಿಲೋ ಚೀಲಕ್ಕೆ 10 ಸಾವಿರ ರೂಪಾಯಿಗೂ ಮೇಲೆ ದರ ಬಂದಿತು. ಅದನ್ನು ಕಂಡು ಎಲ್ಲರೂ ಹಾಕಿದರು. ಬಳಿಕ ದರ ಅದರ ಸಣ್ಣ ಪಾಲಿಗೆ ಇಳಿಯಿತು. ಎಕರೆಗೆ 600ರಿಂದ 1000 ಕಿಲೋ ಬಿತ್ತನೆ ಗೆಡ್ಡೆ ಬೇಕು. ದರ ಏರಿದ ವರ್ಷವೇ ಬಿತ್ತನೆಯೂ ದುಬಾರಿ. ಹೀಗಾಗಿ ದುಬಾರಿ ಬೀಜ ಹಾಕಿ ಅಗ್ಗದ ಫಸಲು ಕೀಳುವ ಪ್ರಸಂಗ ಬರುತ್ತದೆ.

ಶುಂಠಿ ಬೆಳೆಯಲೇಬೇಕೆಂದರೆ ಈ ವಿಷಯಗಳನ್ನು ಮರೆಯತಕ್ಕದ್ದಲ್ಲ:

1. ಒಮ್ಮೆ ಬೆಳೆದ ಭೂಮಿಗೆ ಕನಿಷ್ಠ ಮೂರು ನಾಲ್ಕು ವರ್ಷ ಮತ್ತೆ ಶುಂಠಿ ಹಾಕಬೇಡಿ. ಗೆಡ್ಡೆ ಕೊಳೆಯುವ ರೋಗದ ಬೀಜ ಮಣ್ಣಿನಲ್ಲೇ ಉಳಿದಿರುತ್ತದೆ.

2. ರೋಗವಿಲ್ಲದ ತಾಕಿನಿಂದಲೇ ಬಿತ್ತನೆ ಆರಿಸಿ. ಒಂದು ಲೀಟರ್ ನೀರಿಗೆ 3 ಗ್ರಾಂ ಮ್ಯಾಂಕೋಜೆಬ್ ಬೆರೆಸಿ, ಗೆಡ್ಡೆಗಳನ್ನು ಅರ್ಧ ಗಂಟೆ ಅದ್ದಿ, ನೆರಳಿನಲ್ಲಿ ಆರಿಸಿ ನೆಡಿ.

3. ಮಡಿ ಮೂರು ಅಡಿ ಅಗಲ, ಒಂದು ಅಡಿ ಎತ್ತರವಿರಲಿ. ಬಸಿಗಾಲುವೆ ಮಡಿಗಿಂತ ಆಳವಾಗಿರಲಿ. ನೀರು ನಿಂತ ಕಡೆ ಯಾವ ಔಷಧವೂ ಕೆಲಸ ಮಾಡದು.

4. ಭೂಮಿಯನ್ನು ಬೇರೆಯವರಿಗೆ ಶುಂಠಿಗೆಂದು ಕೊಡುವಿರಾದರೆ ಕರಾರನ್ನು ಕಾಗದದ ಮೇಲೆ ಬರೆಸಿ. ಬದು, ಕಾಲುವೆ ಸರಿಪಡಿಸುವವರು ಯಾರು, ಕೊಳೆತ ಗೆಡ್ಡೆ ತೆಗೆದು ನಾಶಮಾಡುವವರು ಯಾರು ಎಂಬುದೂ ಅದರಲ್ಲಿರಲಿ. ಒಂದು ವರ್ಷದ ಗುತ್ತಿಗೆ ಹಣಕ್ಕೆ ನಾಲ್ಕು ವರ್ಷದ ಮಣ್ಣನ್ನು ಮಾರಿಕೊಳ್ಳಬಾರದು.

ಗದ್ದೆ ತೋಟವಾದಾಗ

ಇನ್ನೊಂದು ಮಾರ್ಪಾಟು ಸದ್ದಿಲ್ಲದೆ ನಡೆಯುತ್ತಿದೆ. ಭತ್ತದ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟಗಳಾಗುತ್ತಿವೆ. ಇದರಲ್ಲಿ ರೈತನ ತಪ್ಪು ಹುಡುಕುವುದು ನ್ಯಾಯವಲ್ಲ. ಭತ್ತಕ್ಕೆ ಖರ್ಚು ಹೆಚ್ಚು, ಆದಾಯ ಕಡಿಮೆ, ಆಳಿನ ಕೊರತೆ ಬೇರೆ. ಆದರೆ ಲೆಕ್ಕವನ್ನು ಪೂರ್ತಿ ಹಾಕಬೇಕು. ಒಂದು ಎಕರೆ ನಾಟಿಗೆ ಹತ್ತು ಹನ್ನೆರಡು ಹೆಣ್ಣಾಳು ಬೇಕು. ಕಳೆ, ಕೊಯ್ಲು, ಒಕ್ಕಣೆಗೆ ಮತ್ತೆ ಆಳು. ಆ ಕೂಲಿಯೇ ಪೇಟೆಯ ಅಂಗಡಿಯಲ್ಲಿ ಎಣ್ಣೆ, ಬೇಳೆ, ಮಕ್ಕಳ ಪುಸ್ತಕವಾಗುವುದು. ಗದ್ದೆ ಹೋದರೆ ಹುಲ್ಲು ಹೋಯಿತು. ಹುಲ್ಲು ಹೋದರೆ ದನ, ದನ ಹೋದರೆ ತೋಟಕ್ಕೇ ಬೇಕಾದ ಗೊಬ್ಬರವೂ ಹೋಯಿತು. ಅಡಿಕೆ ಫಲ ಕೊಡಲು ಐದಾರು ವರ್ಷ ಬೇಕು. ಅಲ್ಲಿಯವರೆಗೆ ಬೇಸಗೆಯಲ್ಲೂ ನೀರು ಕೊಡಬೇಕು. ತಗ್ಗು ಗದ್ದೆಯಲ್ಲಿ ಬಸಿಗಾಲುವೆ ಇಲ್ಲದಿದ್ದರೆ ಮಳೆಗಾಲದಲ್ಲಿ ಬೇರು ಕೊಳೆಯುತ್ತದೆ.

ಆದ್ದರಿಂದ ಇರುವ ಭೂಮಿಯನ್ನೆಲ್ಲ ಒಂದೇ ಬೆಳೆಗೆ ಒಪ್ಪಿಸಬೇಡಿ. ಮನೆಯ ಅನ್ನಕ್ಕೂ ದನದ ಹುಲ್ಲಿಗೂ ಸಾಕಾಗುವಷ್ಟು ಗದ್ದೆ ಉಳಿಸಿ. ಆಳಿನ ಕೊರತೆಯಿದ್ದಲ್ಲಿ ಕೂರಿಗೆ ಬಿತ್ತನೆ ನಮ್ಮ ಹಿರಿಯರಿಗೆ ತಿಳಿದಿದ್ದ ಉಪಾಯವೇ. ಈ ಪದ್ಧತಿಗೆ ಒಗ್ಗುವ ತಳಿಯನ್ನು ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ಆರಿಸಿರಿ.

ಕೆರೆಯೇ ಹಳೆಯ ಸಾಕ್ಷಿ

ಶಿರಾಳಕೊಪ್ಪದ ಪಕ್ಕದಲ್ಲೇ ತಾಳಗುಂದವಿದೆ. ಅಲ್ಲಿಯ ಐದನೆಯ ಶತಮಾನದ ಕಂಬದ ಶಾಸನ ಕದಂಬರ ವಂಶವನ್ನು ಹೊಗಳುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದು ದಾಖಲಿಸುವ ಕೆಲಸ ಯಾವುದು ಬಲ್ಲಿರಾ? ಕಾಕುಸ್ಥವರ್ಮನು ಅಲ್ಲಿಯ ಶಿವಾಲಯದ ಬಳಿ ಒಂದು ಕೆರೆ ಕಟ್ಟಿಸಿದನೆಂಬುದು. ಅರಸರ ಕೀರ್ತಿಯೂ ಕೊನೆಗೆ ಬಂದು ನಿಂತದ್ದು ನೀರಿನ ದಂಡೆಯಲ್ಲೇ. ಈಚೆಗೆ ಉಡುಗಣಿ–ತಾಳಗುಂದ–ಹೊಸೂರು ಏತ ನೀರಾವರಿಯಿಂದ ತುಂಗಭದ್ರೆಯ ನೀರನ್ನು ಈ ಭಾಗದ ಕೆರೆಗಳಿಗೆ ತುಂಬಿಸುವ ಕೆಲಸವಾಗಿದೆ. ಆದರೆ ಹೂಳು ತುಂಬಿದ ಕೆರೆಗೆ ಎಷ್ಟು ನೀರು ತಂದರೂ ನಿಲ್ಲುವುದು ಸ್ವಲ್ಪವೇ. ಬೇಸಗೆಯಲ್ಲಿ ಪಂಚಾಯಿತಿಯ ಒಪ್ಪಿಗೆ ಪಡೆದು ಹೂಳನ್ನು ಹೊಲಕ್ಕೆ ಹೊಡೆಯಿರಿ. ಕೆರೆಗೂ ಲಾಭ, ಮರಳು ಮಿಶ್ರಿತ ಮಣ್ಣಿಗೂ ಲಾಭ. ಕೋಡಿ ಮತ್ತು ತೂಬುಗಳನ್ನು ಮಳೆಗೆ ಮುಂಚೆ ನೋಡಿಕೊಳ್ಳಿರಿ.

ಮಾರುವ ಮುನ್ನ

ಮೆಕ್ಕೆಜೋಳವನ್ನು ಡಾಂಬರು ರಸ್ತೆಯ ಮೇಲೆ ಹರಡುವುದರಿಂದ ಕಾಳು ಒಡೆಯುತ್ತದೆ, ಕಲ್ಲು ಸೇರುತ್ತದೆ, ರಾತ್ರಿ ಬೈಕಿನವರಿಗೂ ಅಪಾಯ. ನಾಲ್ಕಾರು ಮನೆಯವರು ಸೇರಿ ಒಂದು ಕಣ ಮಾಡಿಕೊಳ್ಳಿ, ಇಲ್ಲವೇ ಟಾರ್ಪಾಲು ಹಾಸಿ ಒಣಗಿಸಿ. ತೇವಾಂಶ ಶೇಕಡ 14ಕ್ಕೆ ಇಳಿದ ಕಾಳು ಬೂಸ್ಟು ಹಿಡಿಯುವುದಿಲ್ಲ, ಮುರಿಯುವವರಿಗೆ ನೆಪವೂ ಸಿಗುವುದಿಲ್ಲ. ಮನೆಯಲ್ಲೇ ಒಂದೆರಡು ಚೀಲ ತೂಗಿ ನೋಡಿ ಪೇಟೆಗೆ ಹೊರಡಿ. ಅಲ್ಲಿ ತೂಕದ ಚೀಟಿಯನ್ನು ಕೇಳಿ ಪಡೆಯಿರಿ.

ಕಾಗೋಡಿನ ಗೇಣಿದಾರರು ಕೇಳಿದ್ದು ದಾನವನ್ನಲ್ಲ, ಸರಿಯಾದ ಕೊಳಗವನ್ನು. ನೀವು ಪೇಟೆಯಲ್ಲಿ ಸರಿಯಾದ ತೂಕ ಕೇಳಿರಿ. ಹಾಗೆಯೇ ನಿಮ್ಮ ಗದ್ದೆಗೆ ಇಳಿದ ಆಳಿಗೂ ದಿನದ ಕೂಲಿಯನ್ನು ಸರಿಯಾಗಿ ಅಳೆದು ಕೊಡಿರಿ. ಹಾಗಾದಾಗ ಹಳ್ಳಿಯೂ ಬಾಳುತ್ತದೆ, ಹಳ್ಳಿಯನ್ನೇ ನಂಬಿದ ಈ ಸಣ್ಣ ಪೇಟೆಯೂ ಬಾಳುತ್ತದೆ.